ಒಂಟಿ ಚಪ್ಪಲಿಗೆ ಟೋಕನ್ ಇಲ್ಲ

ನಮ್ಮ ಮನೆಯ ಮುಂದೆ ರಂಗೋಲಿ ಹಾಕುವವಳು ನಾನು, ಅದಕ್ಕೆ ಮಂಗಳ ಹಾಡುವುದು ಹಿಂದಿನ ರಸ್ತೆಯ ಅಪಾರ್ಟ್‌ಮೆಂಟಿನ ನಾಯಿ. ಸೊಂಟ ಹಿಡಿದುಕೊಂಡಿದ್ದರೂ ಬೆಳಿಗ್ಗೆ ಎದ್ದು, ನೀರು ಹಾಕಿ ಗುಡಿಸಿ, ಬಗ್ಗಿ ಎಳೆ ಎಳೆಯಾಗಿ ಪುಡಿ ಬಿಟ್ಟು, ಡಿಕಾಕ್ಷನ್ ಇಳಿಯಿತೇ ಎಂದು ನೋಡಲು ಒಳಗೆ ಬರುವಷ್ಟರಲ್ಲಿ ಅದರ ಕೆಲಸ ಮುಗಿದಿರುತ್ತದೆ. ಇಡೀ ಜಯನಗರದಲ್ಲಿ ಎಷ್ಟು ಮರಗಳಿವೆ, ಎಷ್ಟು ಮೂಲೆಗಳಿವೆ, ಯಾರೂ ನಡೆಯದ ಎಷ್ಟು ಫುಟ್‌ಪಾತುಗಳಿವೆ. ಆ ನಾಯಿಗೆ ಬೇಕಾದದ್ದು ಮಾತ್ರ ನನ್ನ ರಂಗೋಲಿಯ ನಡುವಿನ ಚುಕ್ಕಿ.

ನಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ನಾಯಿ ಮಾಡುವ ಕೆಲಸ ಮಾಡುತ್ತದೆ. ಸಿಟ್ಟು ಇರುವುದು ಹಗ್ಗದ ಇನ್ನೊಂದು ತುದಿಯ ಮೇಡಂ ಮೇಲೆ. ಎರಡೂ ಕಿವಿಗೆ ಬಿಳಿ ಬಿರಡೆ, ಕೈಯಲ್ಲಿ ಫೋನು, ಕಾಲಿಗೆ ನಮ್ಮ ಮನೆಯ ಫ್ರಿಜ್ಜಿಗಿಂತ ದುಬಾರಿಯ ಬೂಟು. ನಾಯಿಯ ಹಗ್ಗಕ್ಕೆ ಮೂಳೆಯಾಕಾರದ ಒಂದು ಪುಟ್ಟ ಡಬ್ಬಿ ನೇತಾಡುತ್ತಿರುತ್ತದೆ. ಅದರೊಳಗೆ ಹೇಲು ಎತ್ತುವ ಕವರುಗಳ ಸುರುಳಿ ಇದೆಯಂತೆ. ಆ ಸುರುಳಿ ಬಿಚ್ಚಿದ್ದನ್ನು ಕಂಡವರು ಈ ಬಡಾವಣೆಯಲ್ಲಿ ಯಾರೂ ಇಲ್ಲ. ಒಮ್ಮೆ ನಾನು ತಡೆದು ಕೇಳಿದ್ದಕ್ಕೆ, ಅದು ಪೂರ್ತಿ ಆರ್ಗ್ಯಾನಿಕ್, ಗಿಡಕ್ಕೆ ಒಳ್ಳೆಯದು ಎಂದು ನನಗೇ ತಿಳಿವಳಿಕೆ ಹೇಳಿದಳು. ನನ್ನ ಗೇಟಿನ ಮುಂದೆ ಗಿಡವಿಲ್ಲ, ಕಡಪಾ ಕಲ್ಲಿದೆ. ಕಡಪಾ ಕಲ್ಲಿಗೆ ಗೊಬ್ಬರ ಹಾಕಿ ಏನು ಬೆಳೆಯಲಿ ನಾನು?

ಇಂಥವರಿಗೆಲ್ಲ ನಮ್ಮ ಮನೆಯಲ್ಲಿ ಒಂದು ಮದ್ದಿತ್ತು. ಅದು ನಮ್ಮ ಯಜಮಾನರ ಗಂಟಲು.

ಅವರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಮೈಕು ಬೇಡ, ಸೀಟಿ ಬೇಡ. ಈ ತುದಿಯಲ್ಲಿ ನಿಂತು ಒಂದು ಮಾತು ಬಿಟ್ಟರೆ ಮೈದಾನದ ಆ ಮೂಲೆಯಲ್ಲಿ ಕಳ್ಳಾಟ ಆಡುವ ಹುಡುಗನ ಬೆನ್ನು ನೆಟ್ಟಗಾಗುತ್ತಿತ್ತು. ರಿಟೈರಾದ ಮೇಲೆ ಮೈದಾನ ಅಲ್ಲೇ ಉಳಿಯಿತು, ಗಂಟಲು ಮಾತ್ರ ಮನೆಗೆ ಬಂತು. ಸೊಪ್ಪಿನವನನ್ನು ಕರೆದರೆ ಮುಂದಿನ ಕ್ರಾಸಿನಲ್ಲಿ ಹೋಗುತ್ತಿದ್ದ ಬಾಳೆಹಣ್ಣಿನವನೂ ಗಾಡಿ ತಿರುಗಿಸುತ್ತಿದ್ದ. ಜೆ.ಪಿ. ನಗರದಲ್ಲಿರುವ ನಮ್ಮ ಮಗಳ ಜೊತೆ ಫೋನಿನಲ್ಲಿ ಮಾತಾಡಿದರೆ, ಫೋನು ಯಾಕೆ ದಂಡ, ಕಿಟಕಿ ತೆಗೆದರೆ ಸಾಕಲ್ಲ ಎಂದು ನಾನು ರೇಗಿಸುತ್ತಿದ್ದೆ. ಅವರು ಗೇಟಿನಲ್ಲಿ ನಿಂತು "ಏನ್ ಮೇಡಂ ಇದು" ಎಂದು ಕೇಳಿದರೆ ಮೊದಲು ನಾಯಿ ಕೂತುಬಿಡುತ್ತಿತ್ತು. ಮೇಡಂ ಬಿರಡೆ ತೆಗೆಯದೆಯೇ ವಿಷಯ ಅರ್ಥ ಮಾಡಿಕೊಂಡು, ನಾಯಿಯನ್ನು ಎಳೆದುಕೊಂಡು ಎದುರು ಮನೆಯ ಗೇಟಿಗೆ ಹೋಗುತ್ತಿದ್ದಳು. ಎದುರು ಮನೆಯವರ ಪಾಡು ಅವರದು.

ಆ ಗಂಟಲು ದಸರಾ ಗೊಂಬೆಗಳನ್ನು ಎತ್ತಿಡುವ ಹೊತ್ತಿಗೆ ಕಟ್ಟಿಕೊಂಡಿತು. ಮೊದಲು ಒಡಕು, ಆಮೇಲೆ ಗೊರಗೊರ, ದೀಪಾವಳಿ ಕಳೆಯುವಷ್ಟರಲ್ಲಿ ಬರೀ ಗಾಳಿ. ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಹಾಗೆ ಒಂದು ಸದ್ದು ಬರುತ್ತಿತ್ತು, ಅದರಲ್ಲಿ ಮಾತು ಯಾವುದು ಉಸಿರು ಯಾವುದು ಎಂದು ನಾನು ಆರಿಸಿಕೊಳ್ಳಬೇಕಿತ್ತು.

ರಸ್ತೆಯವರೆಲ್ಲ ಒಂದೇ ದಿನದಲ್ಲಿ ವೈದ್ಯರಾದರು. ಒಬ್ಬರು ವೀಳ್ಯದೆಲೆ ರಸ ಅಂದರು, ಇನ್ನೊಬ್ಬರು ಮೆಣಸಿನ ಕಷಾಯ ಅಂದರು, ಮತ್ತೊಬ್ಬರು ಜ್ಯೇಷ್ಠಮಧುವಿನ ತುಂಡು ತಂದು ಬಾಯಿಗೇ ಇಟ್ಟರು. ಪಾರ್ಕಿನ ಬೆಂಚಿನಲ್ಲಿ ಕೂರುವ ಹಿರಿಯರೊಬ್ಬರು ಪೊಲ್ಯೂಷನ್ ಅಂದರು. ಅವರಿಗೆ ಮಂಡಿ ನೋವಿಗೂ ಪೊಲ್ಯೂಷನ್ನೇ ಕಾರಣ. ಪಕ್ಕದ ಮನೆಯಾಕೆ ಮಾತ್ರ, ಈಗ ಮಧ್ಯಾಹ್ನ ಒಳ್ಳೆ ನಿದ್ದೆ ಬರುತ್ತೆ ನಮಗೆ ಎಂದು ನಕ್ಕಳು. ಅವಳ ನಿದ್ದೆಗೆ ಬೆಂಕಿ ಬೀಳಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ, ಬಾಯಲ್ಲಿ ನಕ್ಕೆ.

ನನ್ನ ಚಿಂತೆಯೇ ಬೇರೆ ಇತ್ತು. ನಮ್ಮ ಭಾವನವರಿಗೆ, ಅಂದರೆ ಇವರ ಅಣ್ಣನಿಗೆ, ಹೀಗೇ ಗಂಟಲು ಕಟ್ಟಿಕೊಂಡು ಶುರುವಾಗಿತ್ತು. ಅವರೂ ಕಷಾಯ ಕುಡಿದರು, ಅವರೂ ಶೀತ ಅಂದುಕೊಂಡರು. ಡಾಕ್ಟರ ಹತ್ತಿರ ಹೋಗುವಷ್ಟರಲ್ಲಿ ತಡವಾಗಿತ್ತು. ಆ ಕಾಯಿಲೆಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಇವರು ಬೀಡಿ ಸಿಗರೇಟು ಮುಟ್ಟಿದವರಲ್ಲ ಎಂದು ನಾನು ದಿನಕ್ಕೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವರ ಅಣ್ಣನೂ ಮುಟ್ಟಿರಲಿಲ್ಲ. ನನಗೆ ಬೇಕಾಗಿದ್ದದ್ದು ಇಷ್ಟೇ. ಯಾರಾದರೂ ಒಬ್ಬ ಡಾಕ್ಟರು ಇವರ ಗಂಟಲಿನೊಳಗೆ ನೋಡಿ, ಏನಿಲ್ಲ ಹೋಗಿ ಅನ್ನಬೇಕು.

ಅಷ್ಟರಲ್ಲಿ ಮೇಡಂಗೆ ವಿಷಯ ಮುಟ್ಟಿತ್ತು. ಹೇಗೆ ಮುಟ್ಟಿತೋ, ನಾಯಿಗೇ ವಾಸನೆ ಬಂದಿರಬೇಕು. ಎದುರು ಮನೆ ಬಿಟ್ಟು ಇಬ್ಬರೂ ಮತ್ತೆ ನಮ್ಮ ಗೇಟಿಗೆ ಬಂದರು. ಯಜಮಾನರು ಹೊರಗೆ ಹೋಗಿ ಎಂದಿನ ಹಾಗೆ ಎದೆ ಸೆಟೆಸಿ ನಿಂತರು, ಬಾಯಿ ತೆರೆದರು. ಗಾಳಿ ಬಂತು. ಮೇಡಂ ಬಹಳ ವಿನಯದಿಂದ ಒಂದು ಕಿವಿಯ ಬಿರಡೆ ತೆಗೆದಳು.

"ಏನಂದ್ರಿ ಅಂಕಲ್? ಸ್ವಲ್ಪ ಜೋರಾಗಿ ಹೇಳಿ, ಕೇಳಿಸ್ತಿಲ್ಲ."

ಅವರು ಮತ್ತೆ ಪ್ರಯತ್ನಪಟ್ಟರು. ಕತ್ತಿನ ನರ ಉಬ್ಬಿತು, ಮುಖ ಕೆಂಪಾಯಿತು. ಅವಳು ತಲೆ ಆಡಿಸಿ ಬಿರಡೆ ಸಿಕ್ಕಿಸಿಕೊಂಡು ಹೊರಟುಹೋದಳು. ಇವರು ಒಳಗೆ ಬಂದು ಪೇಪರ್ ಬಿಡಿಸಿ ಕೂತರು. ಎಷ್ಟು ಹೊತ್ತಾದರೂ ಪುಟ ತಿರುಗಿಸಲಿಲ್ಲ. ನಾನು ಬಕೆಟ್ ತೆಗೆದುಕೊಂಡು ಹೊರಗೆ ಹೋಗಿ ಕಲ್ಲು ತೊಳೆದೆ, ಅಳು ಬಂತು.

ಆವತ್ತೇ ಡಾಕ್ಟರ ಬೇಟೆ ಶುರು ಮಾಡಿದೆ. ಆ್ಯಪ್‌ನಲ್ಲಿ ಬುಕ್ ಮಾಡಮ್ಮ, ಎರಡು ನಿಮಿಷದ ಕೆಲಸ ಎಂದಳು ಮಗಳು. ಅವಳ ಎರಡು ನಿಮಿಷ ನನಗೆ ಒಂದು ಮಧ್ಯಾಹ್ನವಾಯಿತು. ಗಂಟಲು ಎಂದು ಒತ್ತಿದರೆ ಕೂದಲು ಉದುರುತ್ತಿದೆಯೇ ಎಂದು ಕೇಳಿತು. ಇಲ್ಲ ಅಂದರೆ ಇಡೀ ಮೈ ತಪಾಸಣೆಗೆ ರಿಯಾಯಿತಿ ಇದೆ ಅಂದಿತು. ಕೊನೆಗೆ ಡಾಕ್ಟರುಗಳ ಫೋಟೋ ಬಂದವು. ಎಲ್ಲರೂ ಬಿಳಿ ಕೋಟು ಹಾಕಿ, ಎದೆಯ ಮೇಲೆ ಕೈ ಕಟ್ಟಿಕೊಂಡು ನಗುತ್ತಾ ನಿಂತಿದ್ದರು. ಕಟ್ಟಿದ ಕೈಯನ್ನು ಅವರು ಬಿಚ್ಚುವುದು ಮುಂದಿನ ತಿಂಗಳು ಎಂದು ಕೆಳಗೆ ಬರೆದಿತ್ತು.

ಸರಿ ಎಂದು ಬಿಟಿಎಂ ಲೇಔಟ್ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿದೆ. ನಿಮ್ಮ ಕರೆ ನಮಗೆ ಅಮೂಲ್ಯ ಎಂದು ಒಬ್ಬಳು ಪದೇ ಪದೇ ಹೇಳಿ, ನಡುವೆ ಪಿಟೀಲು ಕುಯ್ಯಿಸಿದಳು. ನಾನು ಹುಳಿಗೆ ಒಗ್ಗರಣೆ ಹಾಕಿ ಮುಗಿಸಿದ ಮೇಲೆ ಒಬ್ಬ ಜೀವಂತ ಮನುಷ್ಯ ಸಿಕ್ಕಿದ. ಊರು, ವಯಸ್ಸು, ತೊಂದರೆ ಎಲ್ಲ ಬರೆಸಿಕೊಂಡ. ಕೊನೆಗೆ, ಪೇಷಂಟ್ ತಮ್ಮ ಸ್ವಂತ ಧ್ವನಿಯಲ್ಲಿ ಒಪ್ಪಿಗೆ ಕೊಡಬೇಕು, ರೆಕಾರ್ಡ್ ಆಗುತ್ತದೆ, ಅವರಿಗೆ ಫೋನ್ ಕೊಡಿ ಅಂದ.

"ಅವರಿಗೆ ಧ್ವನಿ ಹೋಗಿದೆ ಅಂತಾನೇ ಕಣಪ್ಪ ನಾನು ಫೋನ್ ಮಾಡಿರೋದು" ಅಂದೆ.

"ಒಂದೇ ಒಂದ್ಸಲ ಯೆಸ್ ಅಂದ್ರೆ ಸಾಕು ಮೇಡಂ."

ಕೋಣನ ಮುಂದೆ ಕಿನ್ನರಿ ಬಾರಿಸಿ ಏನು ಪ್ರಯೋಜನ. ಫೋನ್ ಇವರ ಕೈಗೆ ಕೊಟ್ಟೆ. ಡ್ರಿಲ್ ಮೇಷ್ಟ್ರ ಶಿಸ್ತು ನೋಡಿ, ಕುರ್ಚಿಯಿಂದ ಎದ್ದು ನೆಟ್ಟಗೆ ನಿಂತು ಯೆಸ್ ಅಂದರು. ಗಾಳಿ. ಮತ್ತೊಮ್ಮೆ ಅಂದರು. ಆ ಕಡೆಯವನು, ನಿಮ್ಮ ಧ್ವನಿ ಸ್ಪಷ್ಟವಾಗಿಲ್ಲ, ದಯವಿಟ್ಟು ಮತ್ತೆ ಕರೆ ಮಾಡಿ ಎಂದು ಇಟ್ಟುಬಿಟ್ಟ.

ಕೊನೆಗೆ ಉಳಿದದ್ದು ನಮ್ಮದೇ ಕ್ರಾಸಿನಿಂದ ಸ್ವಲ್ಪ ಆಚೆ ಇರುವ ಕ್ಲಿನಿಕ್ಕು. ಒಂದು ಹಳೆಯ ಮನೆಯ ಕಾರ್ ಶೆಡ್ಡಿಗೆ ಗಾಜಿನ ಬಾಗಿಲು ಹಾಕಿ ಮಾಡಿದ್ದು. ಅಲ್ಲಿಗೆ ಬರುವ ಡಾಕ್ಟರು ಗಂಟಲಿಗೆ ಹೆಸರುವಾಸಿ. ಹನುಮಂತನಗರದಿಂದ ಹಿಡಿದು ಚಿಕ್ಕಲಸಂದ್ರದವರೆಗೆ ಯಾರಿಗೆ ಗಂಟಲು ಕೆಟ್ಟರೂ ಇಲ್ಲಿಗೇ ಬರುವುದು. ಅವರು ಮಂಗಳವಾರ, ಶುಕ್ರವಾರ ಬೆಳಿಗ್ಗೆ ಮಾತ್ರ ಕೂರುತ್ತಾರೆ, ಹೊತ್ತೇರಿದರೆ ಆಪರೇಷನ್ ಮಾಡಲು ಆಸ್ಪತ್ರೆಗೆ ಓಡುತ್ತಾರೆ. ಡಾಕ್ಟರು ಒಳ್ಳೆಯವರೇ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿ ಪೂಜಾರಿ ಗಾಜಿನ ಹಿಂದೆ ಕೂತ ಒಬ್ಬಳು ರಿಸೆಪ್ಷನ್ ಹುಡುಗಿ. ಗಾಜಿನಲ್ಲಿ ಒಂದು ತೂತಿದೆ. ಮಾತಾಡಬೇಕಾದರೆ ನಾವು ಅದರೆದುರು ಸಾಷ್ಟಾಂಗಕ್ಕೆ ಅರ್ಧ ಬಗ್ಗಬೇಕು.

ನಾನೂ ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ಕೂತು ರಿಟೈರಾದವಳು. ತಲೆ ಎತ್ತದೆ ಜನರನ್ನು ಸಾಗಹಾಕುವುದು ಒಂದು ವಿದ್ಯೆ, ಅದನ್ನು ಕಲಿಯಲು ವರ್ಷಗಳು ಬೇಕು. ಈ ಹುಡುಗಿಗೆ ಅದು ಹುಟ್ಟಿನಿಂದಲೇ ಬಂದಿತ್ತು. ಬೋರ್ಡಿನ ಮೇಲಿದ್ದ ನಂಬರಿಗೆ ಅವಳೆದುರೇ ನಿಂತು ಫೋನ್ ಮಾಡಿ ನೋಡಿದೆ. ಫೋನು ಅವಳ ಮೊಣಕೈ ಪಕ್ಕದಲ್ಲೇ ಬಡಿದುಕೊಂಡಿತು. ಗೋಡೆಯ ಮೇಲಿನ ಹಲ್ಲಿಯನ್ನು ನೋಡುವ ಹಾಗೆ ಒಮ್ಮೆ ಅದನ್ನು ನೋಡಿ ಸುಮ್ಮನಾದಳು. ಫೋನಿನಲ್ಲಿ ಟೋಕನ್ ಕೊಡುವುದಿಲ್ಲವಂತೆ. ಮತ್ತೆ ಬೋರ್ಡಿನಲ್ಲಿ ನಂಬರ್ ಯಾಕಮ್ಮ ಹಾಕಿದ್ದೀರಿ ಎಂದು ಕೇಳಿದೆ.

"ಫೋನಲ್ಲಿ ಟೋಕನ್ ಕೊಡಲ್ಲ ಅಂತ ಹೇಳಕ್ಕೆ ಆಂಟಿ" ಅಂದಳು.

ಹಾಗಾದರೆ ಟೋಕನ್ ಸಿಗುವುದು ಹೇಗೆ? ಅದಕ್ಕೊಂದು ಪದ್ಧತಿ ಇದೆ. ಅಂಥದ್ದನ್ನು ನಮ್ಮ ಕಡೆಯ ರಿಟೈರ್ಡ್ ಜನ ಮಾತ್ರ ಕಂಡುಹಿಡಿಯಬಲ್ಲರು. ಎಂಟೂವರೆಗೆ ಗಾಜಿನ ಬಾಗಿಲು ತೆಗೆಯುತ್ತದೆ. ಸಾಲು ನಸುಕಿಗೇ ಶುರು. ಆದರೆ ಆ ಸಾಲಿನಲ್ಲಿ ಮನುಷ್ಯರು ನಿಲ್ಲುವುದಿಲ್ಲ, ಚಪ್ಪಲಿಗಳು ನಿಲ್ಲುತ್ತವೆ. ಬಂದವರು ಕಾಂಪೌಂಡಿನ ಗೋಡೆಗುಂಟ ತಮ್ಮ ಜೋಡು ಬಿಟ್ಟು, ಮನೆಗೆ ಹೋಗಿ, ಸ್ನಾನ ಪೂಜೆ ಕಾಫಿ ಮುಗಿಸಿ, ಬಾಗಿಲು ತೆಗೆಯುವ ಹೊತ್ತಿಗೆ ಬಂದು ತಮ್ಮ ತಮ್ಮ ಚಪ್ಪಲಿಯ ಹಿಂದೆ ನಿಲ್ಲುತ್ತಾರೆ. ಪೇಷಂಟಿನ ಚಪ್ಪಲಿಯೇ ಆಗಬೇಕು, ಬೇರೆಯವರದು ನಡೆಯುವುದಿಲ್ಲ. ಒಬ್ಬರ ಚಪ್ಪಲಿ ಇನ್ನೊಬ್ಬರು ಸರಿಸುವಂತಿಲ್ಲ. ಹೊಸದನ್ನು ಬಿಟ್ಟರೆ ಕಳ್ಳರ ಪಾಲು, ಹಾಗಾಗಿ ಪ್ರತಿ ಮನೆಯಲ್ಲೂ ಡಾಕ್ಟರಿಗೆಂದೇ ಒಂದು ಸವೆದ ಜೊತೆ ಇರುತ್ತದೆ. ಯಾವ ಆ್ಯಪಿಗೂ ಕಡಿಮೆಯಿಲ್ಲ ನಮ್ಮ ಸಿಸ್ಟಮ್ಮು ಎಂದು ಅಲ್ಲಿಯವರಿಗೆ ಎದೆಯುಬ್ಬುತ್ತದೆ. ಕಾಯಿಲೆಯವರು ಮನೆಯಲ್ಲಿ ಕಾಫಿ ಕುಡಿಯುತ್ತಿದ್ದರೆ ಚಪ್ಪಲಿಗಳು ಇಬ್ಬನಿಯಲ್ಲಿ ಡಾಕ್ಟರಿಗೆ ಕಾಯುತ್ತಿರುತ್ತವೆ.

ಮಂಗಳವಾರ ಇನ್ನೂ ಬೀದಿ ದೀಪ ಆರುವ ಮುಂಚೆಯೇ ಯಜಮಾನರ ಹಳೆಯ ಚರ್ಮದ ಚಪ್ಪಲಿ ಎತ್ತಿಕೊಂಡು ಹೋಗಿ ಬಿಟ್ಟು ಬಂದೆ. ಮುಂದೆ ಕೆಲವೇ ಜೊತೆಗಳಿದ್ದವು. ಇವತ್ತು ಆಗಿಹೋಗುತ್ತದೆ, ಮಧ್ಯಾಹ್ನದ ಹೊತ್ತಿಗೆ ಗೊತ್ತಾಗಿಬಿಡುತ್ತದೆ ಎಂದು ಮನಸ್ಸು ಹಗುರವಾಯಿತು. ಬಹಳ ದಿನದ ಮೇಲೆ ಒಗ್ಗರಣೆ ಅವಲಕ್ಕಿ ಮಾಡಿದೆ. ಇಬ್ಬರೂ ತಿಂದು, ಅವರು ಬಚ್ಚಲ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಜೊತೆಯಲ್ಲಿ ಹೊರಟೆವು.

ಹೋಗಿ ನೋಡಿದರೆ ಒಂದೇ ಚಪ್ಪಲಿ ಇದೆ. ಎಡಗಾಲಿನದು.

ಬಲಗಾಲಿನದು ಎಲ್ಲಿ ಹೋಯಿತೆಂದು ಹುಡುಕುವ ಕಷ್ಟವೇ ಬರಲಿಲ್ಲ. ರಸ್ತೆಯ ಆಚೆ ಅದೇ ನಾಯಿ ಚಪ್ಪಲಿಯನ್ನು ಬಾಯಲ್ಲಿ ಕಚ್ಚಿಕೊಂಡು, ಬಾಲ ಅಲ್ಲಾಡಿಸುತ್ತಾ ನಿಂತಿತ್ತು. ಅದೇ ಮೇಡಂ ಯಾರ ಜೊತೆಗೋ ಫೋನಿನಲ್ಲಿ ನಗುತ್ತಿದ್ದಳು. ನಾನು ಓಡಿ ಹೋಗಿ ತಡೆದೆ. ಸಾರಿ ಅಂದಳು. ಅವನಿನ್ನೂ ಬೇಬಿ, ಹಲ್ಲು ಬರುತ್ತಿದೆ ಅಂದಳು. ಕರುವಿನಷ್ಟಿದೆ ಆ ಬೇಬಿ. ಬಾಯಿಂದ ಬಿಡಿಸಿ ಕೊಡು ತಾಯಿ ಅಂದೆ.

"ಫೋರ್ಸ್ ಮಾಡಿದ್ರೆ ಅವನಿಗೆ ಟ್ರಾಮಾ ಆಗತ್ತೆ ಆಂಟಿ. ಬೇಜಾರಾದಾಗ ಅವನೇ ಬಿಡ್ತಾನೆ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಕ್ಲಿನಿಕ್ಕಿನ ಬಾಗಿಲು ತೆಗೆಯುವ ಹೊತ್ತಾಗಿತ್ತು. ಅವಳನ್ನು ಅಲ್ಲೇ ಬಿಟ್ಟು ಸಾಲಿಗೆ ಓಡಿ ಬಂದೆ.

ಅಲ್ಲಿ ಆಗಲೇ ಹೈಕೋರ್ಟು ಸೇರಿತ್ತು. ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದ ಅನ್ನುತ್ತಾರಲ್ಲ, ಅಂಥ ಬಡಗಿಗಳೇ ಸಾಲುಗಟ್ಟಿ ನಿಂತಿದ್ದರು. ಅವರ ಮುಖಂಡ, ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡ ಒಬ್ಬ ಹಿರಿಯ. ಅವರ ಚಪ್ಪಲಿ ನಮ್ಮದರ ಹಿಂದೆಯೇ ಇತ್ತು. ಅವರು ತೀರ್ಪು ಕೊಟ್ಟರು. ಒಂದು ಜೊತೆ ಅಂದರೆ ಒಬ್ಬ ಪೇಷಂಟು. ಒಂಟಿ ಚಪ್ಪಲಿ ಅಂದರೆ ಯಾರೋ ಬೀಳಿಸಿಕೊಂಡು ಹೋದದ್ದು, ಅದಕ್ಕೆ ಟೋಕನ್ ಇಲ್ಲ. ಹಾಗಾದರೆ ಒಂದೇ ಕಾಲಿರುವವರು ಏನು ಮಾಡಬೇಕು ಎಂದು ಹಿಂದಿನಿಂದ ಒಬ್ಬಾಕೆ ಕೇಳಿದರು. ಎಲ್ಲರಿಗೂ ಆ ಪ್ರಶ್ನೆ ಬಹಳ ಹಿಡಿಸಿತು. ನಮ್ಮನ್ನು ಮರೆತು ಅದನ್ನೇ ಚರ್ಚಿಸಿದರು. ಅದು ಬೇರೆ ಕೇಸು, ಅವರು ಮೊದಲೇ ಹೇಳಿರಬೇಕು ಎಂದು ಮಫ್ಲರಿನವರು ಇತ್ಯರ್ಥ ಮಾಡಿದರು.

ನಾನು ನಾಯಿಯ ಕಥೆ ಹೇಳಿದೆ. ರಸ್ತೆಯ ಆಚೆ ಕೈ ತೋರಿಸಿದೆ. ನಾಯಿ ತಿಂದರೆ ನಾಯಿಯವರನ್ನು ಕೇಳಿ, ಸಾಲಿಗೂ ನಾಯಿಗೂ ಏನು ಸಂಬಂಧ ಅಂದರು. ಯಜಮಾನರು ಮುಂದೆ ಬಂದು, ಹವಾಯಿ ಕಳಚಿ, ಎಡಗಾಲನ್ನು ಆ ಚಪ್ಪಲಿಯೊಳಗೆ ಇಟ್ಟು ತೋರಿಸಿದರು. ಸರಿಯಾಗಿ ಕೂತಿತು. ಆ ಸೈಜು ನನಗೂ ಆಗುತ್ತೆ ಅಂದರು ಮಫ್ಲರಿನವರು. ಆಮೇಲೆ ಇವರ ಕಡೆ ತಿರುಗಿ, ನ್ಯಾಯಾಧೀಶರ ಗತ್ತಿನಲ್ಲಿ ಕೇಳಿದರು.

"ನಿಮ್ಮ ಬಾಯಲ್ಲೇ ಹೇಳಿ ಸಾರ್. ನಿಮ್ಮದೇನಾ ಇದು?"

ಸಾಲಿನವರೆಲ್ಲ ಇವರ ಬಾಯಿಯನ್ನೇ ನೋಡಿದರು. ಇವರು ಬಾಯಿ ತೆರೆದರು. ತುಟಿ ಆಡಿತು, ಗಂಟಲಿನ ಮಣಿ ಮೇಲೆ ಕೆಳಗೆ ಓಡಿತು, ಸದ್ದು ಬರಲಿಲ್ಲ. ಆವತ್ತು ಗಾಳಿಯೂ ಬರಲಿಲ್ಲ. ಯಾರೋ ಒಬ್ಬರು, ಜೋರಾಗಿ ಹೇಳಿ ಸಾರ್ ಅಂದರು. ಸಾವಿರಾರು ಹುಡುಗರನ್ನು ಒಂದು ಕೂಗಿಗೆ ನಿಲ್ಲಿಸುತ್ತಿದ್ದ ಮನುಷ್ಯ ಒಂದು ಕಾಲಿಗೆ ಚರ್ಮದ ಚಪ್ಪಲಿ, ಇನ್ನೊಂದಕ್ಕೆ ಹವಾಯಿ ಮೆಟ್ಟಿಕೊಂಡು, ತಲೆ ಬಗ್ಗಿಸಿ ಸಾಲಿನ ಕೊನೆಗೆ ನಡೆದುಹೋದರು. ಆ ಮಫ್ಲರನ್ನು ಇನ್ನೊಂದು ಸುತ್ತು ಬಿಗಿಯಬೇಕು ಅನ್ನಿಸಿತು ನನಗೆ.

ಗಾಜಿನ ತೂತಿಗೆ ಬಗ್ಗಿ ಹುಡುಗಿಯ ಹತ್ತಿರ ದೂರು ಕೊಟ್ಟೆ. ಸಾಲು ನೀವು ನೀವೇ ಮಾಡಿಕೊಳ್ಳಿ, ಅದು ನನ್ನ ಡಿಪಾರ್ಟ್‌ಮೆಂಟಲ್ಲ ಎಂದಳು. ಕೊನೆಯಿಂದ ನಮ್ಮ ಸರದಿ ಬರುವ ಮೊದಲೇ ಡಾಕ್ಟರ ಕಾರು ಹೊರಟಿತು. ಶುಕ್ರವಾರ ಬನ್ನಿ ಅಂದಳು. ಅದನ್ನು ಹೇಳುವಾಗಲೂ ಅವಳ ಕಣ್ಣು ಕಂಪ್ಯೂಟರಿನ ಮೇಲೇ ಇತ್ತು.

ಮಾರನೆಯ ಬೆಳಿಗ್ಗೆ ರಂಗೋಲಿ ಹಾಕಿ ಒಳಗೆ ಹೋಗಲಿಲ್ಲ. ಗೇಟಿನ ಹಿಂದೆ ಕಾದು ನಿಂತೆ. ನಾಯಿ ಬಂತು, ಮೂಸಿತು, ಕಾಲು ಅಗಲಿಸಿತು. ಆಗ ನಾನು ಕೂಗಿದ ಕೂಗು ಎಲ್ಲಿಂದ ಬಂತೋ ಗೊತ್ತಿಲ್ಲ. ಸರ್ಕಾರಿ ಕೌಂಟರಿನಲ್ಲಿ ಇಡೀ ಜೀವಮಾನ ಗೊಣಗಿದ್ದೇ ಹೊರತು ಕೂಗಿದವಳಲ್ಲ ನಾನು. ನಾಯಿ ಕೂತುಬಿಟ್ಟಿತು. ಮೇಡಂ ಎರಡೂ ಕಿವಿಯ ಬಿರಡೆ ತೆಗೆದಳು. ಅವಳ ಬೂಟಿನಿಂದ ಹಿಡಿದು ಅವಳ ಬೇಬಿಯ ಹಲ್ಲಿನವರೆಗೆ ಒಂದನ್ನೂ ಬಿಡದೆ ಬೈದೆ. ನಮ್ಮಜ್ಜಿ ಹೊಲದ ಬದುವಿನ ಮೇಲೆ ನಿಂತು ಬೈಯುತ್ತಿದ್ದ ಮಾತುಗಳೆಲ್ಲ ನನಗೇ ತಿಳಿಯದೆ ಬಂದವು. ಮೇಡಂ ಮೂಳೆಯ ಡಬ್ಬಿ ತೆರೆದು, ಆ ಸುರುಳಿಯಿಂದ ಒಂದು ಕವರು ಎಳೆದಳು. ಎದುರು ಮನೆಯವರು ಬಾಲ್ಕನಿಗೆ ಬಂದು ನೋಡಿದರು.

ಹಿಂದಿರುಗಿ ನೋಡಿದರೆ ಯಜಮಾನರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಭುಜ ಕುಲುಕುತ್ತಿತ್ತು, ಕಣ್ಣಲ್ಲಿ ನೀರು ಬಂದಿತ್ತು, ಸದ್ದು ಮಾತ್ರ ಇಲ್ಲ. ನಾನೂ ನಕ್ಕೆ. ಆಮೇಲೆ ಅವರು ನಗು ನಿಲ್ಲಿಸಿ ಕೈಯನ್ನು ಗಂಟಲ ಮೇಲೆ ಇಟ್ಟುಕೊಂಡು ಸುಮ್ಮನೆ ನನ್ನನ್ನೇ ನೋಡಿದರು. ಅವರಿಗೂ ಅವರ ಅಣ್ಣನ ನೆನಪಾಗಿದೆ ಎಂದು ನನಗೆ ಗೊತ್ತಾಯಿತು. ಕಾಫಿ ಬೇಕಾ ಎಂದೆ, ತಲೆಯಾಡಿಸಿದರು.

ಶುಕ್ರವಾರ ನಾನು ಚಪ್ಪಲಿ ಬಿಡಲಿಲ್ಲ. ಒಂದು ಪ್ಲಾಸ್ಟಿಕ್ ಸ್ಟೂಲು ಎತ್ತಿಕೊಂಡು ಹೋಗಿ, ಶಾಲು ಹೊದ್ದು, ಗಾಜಿನ ಬಾಗಿಲಿಗೆ ಬೆನ್ನು ಕೊಟ್ಟು ನಾನೇ ಕೂತೆ. ನನಗಿಂತ ಮುಂದೆ ಒಂದು ಹವಾಯಿಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮಫ್ಲರಿನವರು ಚಪ್ಪಲಿ ಬಿಡಲು ಬಂದು, ನನ್ನನ್ನು ಕಂಡು ಗಲಿಬಿಲಿಗೊಂಡರು. ಇಲ್ಲಿ ಮನುಷ್ಯರು ಕೂರುವ ಪದ್ಧತಿಯಿಲ್ಲ ಅಂದರು. ಚಪ್ಪಲಿಗಿಂತ ಕಡೆಯಾಗಿ ಕಾಣ್ತೀನೇನ್ರಿ ನಾನು ಎಂದು ಕೇಳಿದೆ. ಅವರು ಅದಕ್ಕೆ ತೀರ್ಪು ಕೊಡದೆ, ತಮ್ಮ ಜೋಡನ್ನು ನನ್ನ ಸ್ಟೂಲಿನ ಹಿಂದೆ ಬಿಟ್ಟು ಮನೆಗೆ ಹೋದರು. ಎಂಟಕ್ಕೆ ಯಜಮಾನರು ಬಂದರು. ಎಂಟೂವರೆಗೆ ಹುಡುಗಿ ಮೊದಲನೇ ಟೋಕನನ್ನು ತೂತಿನಿಂದ ಹೊರಗೆ ತಳ್ಳಿದಳು. ಅದು ಯಾರ ಕೈಗೆ ಹೋಯಿತೆಂದು ಅವಳು ನೋಡಲಿಲ್ಲ. ಯುದ್ಧ ಗೆದ್ದ ಹಾಗೆ ಒಳಗೆ ಹೋದೆ.

ಡಾಕ್ಟರು ಮಾತುಗಾರರು. ಡ್ರಿಲ್ ಮೇಷ್ಟ್ರು ಎಂದು ತಿಳಿದದ್ದೇ, ತಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಬಿಸಿಲಿನಲ್ಲಿ ಓಡಿಸಿದ್ದನ್ನು ನೆನೆಸಿಕೊಂಡು ನಗಿಸಿದರು. ಮಾತಾಡುತ್ತಲೇ ಮೂಗಿಗೆ ಔಷಧಿ ಸಿಂಪಡಿಸಿ, ದಾರದಷ್ಟು ಸಣ್ಣ ಕೊಳವೆಯನ್ನು ಮೂಗಿನೊಳಗಿನಿಂದ ಗಂಟಲಿಗೆ ಇಳಿಸಿದರು. ಅದರ ತುದಿಯಲ್ಲಿ ದೀಪ. ಒಳಗಿನದ್ದೆಲ್ಲ ಪಕ್ಕದ ಟಿವಿಯಲ್ಲಿ ಕಾಣುತ್ತಿತ್ತು. ನನಗೆ ಎಲ್ಲವೂ ಒಂದೇ ಕೆಂಪಾಗಿ ಕಂಡಿತು. ಡಾಕ್ಟರ ಕಥೆ ಮಾತ್ರ ಅರ್ಧಕ್ಕೇ ನಿಂತಿತು. 'ಈ' ಅಂತ ಹೇಳಿ, ಉಸಿರು ಎಳೆಯಿರಿ, ಇನ್ನೊಮ್ಮೆ ಎಂದು ಸಣ್ಣ ದನಿಯಲ್ಲಿ ಹೇಳುತ್ತಾ ಬಹಳ ಹೊತ್ತು ನೋಡಿದರು. ಕೊಳವೆ ತೆಗೆದರು. ಮೂಲೆಯ ಬೇಸಿನ್ನಿಗೆ ಹೋಗಿ ಕೈ ತೊಳೆದರು. ಆಗಲೇ ತೊಳೆದಾದ ಕೈಯನ್ನು ಮತ್ತೆ ತೊಳೆದರು.

"ಒಂದು ಕಡೆ ಸ್ವಲ್ಪ ದಪ್ಪ ಆಗಿದೆ. ಸಣ್ಣ ಪೀಸ್ ತೆಗೆದು ಟೆಸ್ಟಿಗೆ ಕಳಿಸ್ಬೇಕು. ನಾಳೆನೇ ಮಾಡಿಬಿಡೋಣ" ಅಂದರು.

ನಾಳೆ ಶನಿವಾರ, ನಿಮಗೆ ಇಲ್ಲಿ ಕ್ಲಿನಿಕ್ ಇಲ್ಲವಲ್ಲ ಎಂದೆ. ಆಸ್ಪತ್ರೆಗೆ ಬನ್ನಿ, ನಾನೇ ಇರುತ್ತೇನೆ ಅಂದರು. ಭಾನುವಾರ ಆದಮೇಲೆ ಬಂದರೆ ಆಗದೇ ಎಂದು ಕೇಳಿದೆ. ಬೇಡ ಅಂದರು. ಅದೇನು ಎಂದು ಯಜಮಾನರು ಕೈಸನ್ನೆಯಲ್ಲಿ ಕೇಳಿದ್ದಕ್ಕೆ, ಟೆಸ್ಟ್ ಆಗದೆ ಏನೂ ಹೇಳಬಾರದು ಮೇಷ್ಟ್ರೇ ಎಂದು ಅವರ ಭುಜದ ಮೇಲೆ ಕೈಯಿಟ್ಟರು. ಆಮೇಲೆ ಇಂಟರ್‌ಕಾಮ್ ಎತ್ತಿ ಹೊರಗಿನ ಹುಡುಗಿಗೆ ಮೆಲ್ಲಗೆ ಏನೋ ಹೇಳಿದರು.

ನಾವು ಹೊರಗೆ ಬರುವಷ್ಟರಲ್ಲಿ ಹುಡುಗಿ ಗಾಜಿನ ಗೂಡಿನಿಂದ ಆಚೆ ಬಂದು ನಿಂತಿದ್ದಳು. ಅವಳನ್ನು ಪೂರ್ತಿಯಾಗಿ ಕಂಡದ್ದು ಅದೇ ಮೊದಲು. ತನ್ನ ಕುರ್ಚಿಯನ್ನೇ ತಂದು ಯಜಮಾನರಿಗೆ ಹಾಕಿ ಕೂರಿಸಿದಳು. ಯಾರಿಗೂ ಎತ್ತದ ಆ ಫೋನನ್ನು ಎತ್ತಿ, ಆಸ್ಪತ್ರೆಗೆ ತಾನೇ ಮಾತಾಡಿ, ಇವರ ಹೆಸರು ಬರೆಸಿದಳು. ಯಾರೂ ಇವರ ಧ್ವನಿ ಕೇಳಲಿಲ್ಲ. ಸಾಲಿನವರೆಲ್ಲ ಅವಳ ಮಾತು ಕೇಳಿಸಿಕೊಂಡರು. ಮಫ್ಲರಿನವರು ಎದ್ದು ಗೋಡೆಗೆ ಸರಿದು ದಾರಿ ಬಿಟ್ಟರು.

"ನಾಳೆ ಎಷ್ಟೊತ್ತಿಗೆ ಬೇಕಾದ್ರೂ ಬನ್ನಿ ಆಂಟಿ" ಅಂದಳು ಹುಡುಗಿ. "ನಿಮಗೆ ಟೋಕನ್ ಬೇಡ. ನಾನು ಹೇಳಿದೀನಿ, ನೇರ ಒಳಗೆ ಕರ್ಕೊಂಡು ಹೋಗ್ತಾರೆ."

ಅವಳು ನನ್ನ ಮುಖವನ್ನು ನೇರವಾಗಿ ನೋಡುತ್ತಿದ್ದಳು. ದೊಡ್ಡ ಕಣ್ಣು, ಒಳ್ಳೆಯ ಕಣ್ಣು. ಈ ಊರಿನಲ್ಲಿ ಸುಮ್ಮಸುಮ್ಮನೆ ಯಾರೂ ಯಾರಿಗೂ ಜಾಗ ಬಿಡುವುದಿಲ್ಲ. ಸಿಗ್ನಲ್ಲಿನಲ್ಲಿ ಬಿಡುವುದಿಲ್ಲ, ಬಸ್ಸಿನಲ್ಲಿ ಬಿಡುವುದಿಲ್ಲ, ದೇವಸ್ಥಾನದಲ್ಲಿ ಮಂಗಳಾರತಿಗೂ ಬಿಡುವುದಿಲ್ಲ. ಬಿಟ್ಟರೆಂದರೆ ಅವರಿಗೆ ಏನೋ ಗೊತ್ತಾಗಿದೆ ಎಂದೇ ಅರ್ಥ. ನಾನು ಅವಳ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

"ಬೇಡಮ್ಮ. ನಾವು ಎಲ್ಲರ ಹಾಗೇ ಕಾಯ್ತೀವಿ. ಮುಂದಿನ ತಿಂಗಳು ಬನ್ನಿ ಅಂತ ಹೇಳು."

ಅವಳು ನಾಳೆಯ ತಾರೀಕು ಬರೆದ ಚೀಟಿಯನ್ನು ನನ್ನ ಕೈಯಲ್ಲಿಟ್ಟಳು.